ಆಟ ನಿಂತಾಗ ಏನಾಗುತ್ತದೆ, ಅದನ್ನು ನೋಡಿ

ಅಮೆರಿಕದ ಕಾಲೇಜ್ ಫುಟ್‌ಬಾಲ್ (ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ಬಗ್ಗೆ ನಮ್ಮ ಕನ್ನಡದವರಲ್ಲಿ ಮಾತು ಬಂದರೆ ಎರಡೇ ವಿಷಯ. ಯಾವ ಸ್ಟೇಡಿಯಂ ದೊಡ್ಡದು, ಯಾವ ಟೀಮ್ ಮೇಲಿದೆ. ಇಷ್ಟನ್ನೇ ನೋಡಿ ಯಾವ ಕ್ಯಾಂಪಸ್ಸಿಗೆ ಹೋಗಬೇಕು ಅಂತ ತೀರ್ಮಾನಿಸುವುದು ನನಗೆ ಸರಿ ಅನಿಸುವುದಿಲ್ಲ. ಈ ಆಟದ ಗಡಿಯಾರ 60 ನಿಮಿಷದ್ದು, ಅದರಲ್ಲಿ ನಾಲ್ಕು ಭಾಗ, ಒಂದೊಂದಕ್ಕೂ ಕ್ವಾರ್ಟರ್ ಅನ್ನುತ್ತಾರೆ. ಆದರೆ ಮುಗಿಯುವಷ್ಟರಲ್ಲಿ ಮೂರೂವರೆ ಗಂಟೆ ಹತ್ತಿರ ಆಗಿರುತ್ತದೆ. ಒಂದು ಎಸೆತ ಆದರೆ ನಿಲ್ಲುತ್ತದೆ, ಒಂದು ಓಟ ಆದರೆ ನಿಲ್ಲುತ್ತದೆ, ಟಿವಿಯವರ ಜಾಹೀರಾತಿಗೆ ಅಂತ ಆಟಗಾರರೆಲ್ಲ ಸುಮ್ನೆ ನಿಂತುಕೊಂಡಿರುತ್ತಾರೆ. ಹಾಗಾಗಿ ಆಟ ನಿಂತ ಹೊತ್ತಿನಲ್ಲಿ ಅಲ್ಲಿನವರು ಏನು ಮಾಡುತ್ತಾರೆ, ನನಗೆ ಮುಖ್ಯ ಅದು.

ನಾನಿರುವುದು ಚಿಕಾಗೊ ಪಕ್ಕದಲ್ಲಿ. ಮ್ಯಾಡಿಸನ್, ಅಯೋವಾ ಸಿಟಿ, ಆನ್ ಆರ್ಬರ್ ಮೂರೂ ಕಾರಿನಲ್ಲಿ ಹೋಗಿ ಬರಬಹುದಾದ ದೂರ.

ಮೊದಲು ಎಲ್ಲರೂ ಹೇಳುವ ಆನ್ ಆರ್ಬರ್. ಮಿಶಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂ 1927ರದ್ದು, 1,07,601 ಸೀಟು. ಅಮೆರಿಕದಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಬಹುಪಾಲು ನೆಲದ ಮಟ್ಟಕ್ಕಿಂತ ಕೆಳಗೆ ಇರುವುದರಿಂದ ರಸ್ತೆಯಿಂದ ನೋಡಿದರೆ ಅಷ್ಟು ದೊಡ್ಡದು ಅನಿಸುವುದೇ ಇಲ್ಲ. ಬಾಗಿಲು ದಾಟಿ ಒಳಗೆ ಹೋದ ಮೇಲೆ ಕಾಲ ಬುಡದಿಂದ ಕೆಳಕ್ಕೆ ಇಡೀ ಬಟ್ಟಲು ತೆರೆದುಕೊಳ್ಳುತ್ತದೆ, ಆಗ ಉಸಿರು ಹಿಡಿಯುತ್ತದೆ. ಆದರೆ ಆ ಬೆರಗು ಎಷ್ಟು ಹೊತ್ತು? ಮೊದಲ ಅರ್ಧ ಗಂಟೆ. ಆಮೇಲೆ ಕಿರಿದಾದ ಬೆಂಚಿನ ಮೇಲೆ ಭುಜಕ್ಕೆ ಭುಜ ಒತ್ತಿಕೊಂಡು ಕೂತಿರುತ್ತೀರಿ. ನನಗೆ ಆನ್ ಆರ್ಬರಿನಲ್ಲಿ ಇಷ್ಟವಾಗುವುದು ಅದಕ್ಕೂ ಮುಂಚಿನದು. ಸ್ಟೇಡಿಯಂ ಸುತ್ತಲಿನ ಮನೆಯವರು ತಮ್ಮ ಅಂಗಳದಲ್ಲೇ ದುಡ್ಡು ತಗೊಂಡು ಕಾರು ನಿಲ್ಲಿಸಿಕೊಳ್ಳುತ್ತಾರೆ, ಎದುರಿನ ಹೈಸ್ಕೂಲಿನ ಮೈದಾನ, ಗಾಲ್ಫ್ ಮೈದಾನ ಎಲ್ಲ ಬೆಳಗ್ಗೆಯೇ ತುಂಬಿರುತ್ತವೆ, ವಿದ್ಯಾರ್ಥಿಗಳದ್ದೇ ಆದ ಬ್ಯಾಂಡಿನವರು ಬಾರಿಸುತ್ತಾ ಸ್ಟೇಡಿಯಂ ಕಡೆ ನಡೆಯುತ್ತಾರೆ, ಊರಿನವರು ಅವರ ಹಿಂದೆ. ಟಿಕೆಟ್ ಇಲ್ಲದವರಿಗೂ ಇದೆಲ್ಲ ಸಿಗುತ್ತದೆ.

ಟೈಲ್‌ಗೇಟಿಂಗ್ ಅಂದರೆ ಇದೇ. ಕಾರಿನ ಹಿಂದಿನ ಬಾಗಿಲು ತೆಗೆದು, ಒಲೆ ಹಚ್ಚಿ, ಮೇಜು ಹಾಕಿ ತಿನ್ನುವುದು, ಕುಡಿಯುವುದು, ಪಕ್ಕದವರ ಜೊತೆ ಹರಟುವುದು. ಇದರಲ್ಲಿ ಎಲ್ಲರಿಗಿಂತ ಮುಂದಿರುವುದು ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಆಕ್ಸ್‌ಫರ್ಡ್. ಅಲ್ಲಿ 'ದಿ ಗ್ರೋವ್' ಅಂತ ಕ್ಯಾಂಪಸ್ ನಡುವೆಯೇ ದೊಡ್ಡ ಮರಗಳ ತೋಪು ಇದೆ. ಪಂದ್ಯದ ದಿನ ಅದರ ತುಂಬಾ ಡೇರೆಗಳು, ಕೆಲವು ಡೇರೆಗಳಲ್ಲಿ ತೂಗುದೀಪ, ಬೆಳ್ಳಿ ತಟ್ಟೆ, ಹೂದಾನಿ. ಗಂಡಸರು ಟೈ ಕಟ್ಟಿಕೊಂಡು, ಹೆಂಗಸರು ಮದುವೆಗೆ ಹೊರಟ ಹಾಗೆ ಬಂದಿರುತ್ತಾರೆ. ಗುರುತಿಲ್ಲದವರನ್ನೂ ಕರೆದು ತಟ್ಟೆ ಕೈಗಿಡುತ್ತಾರೆ. ಸಸ್ಯಾಹಾರಿಗಳಿಗೆ ಅಲ್ಲಿ ಸಿಗುವುದು ಕಡಿಮೆ, ಆದ್ದರಿಂದ ಒಂದು ಡಬ್ಬ ಚಿತ್ರಾನ್ನ ಕಟ್ಟಿಕೊಂಡು ಹೋಗಿ, ನಾಲ್ಕು ಜನಕ್ಕೆ ಹಂಚಿ. ಮಾತು ಬೇಗ ಬೆಳೆಯುತ್ತದೆ.

ಇನ್ನು ಸ್ಟೇಡಿಯಂ ಒಳಗಿನ ಮಾತು. ನನ್ನ ಲೆಕ್ಕದಲ್ಲಿ ಮ್ಯಾಡಿಸನ್ನಿಗೆ ಸಮ ಇಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕ್ಯಾಂಪ್ ರ‍್ಯಾಂಡಲ್ ಸ್ಟೇಡಿಯಂ ಇರುವುದು ಅಂತರ್ಯುದ್ಧದ ಕಾಲದಲ್ಲಿ ಸೈನಿಕರಿಗೆ ತರಬೇತಿ ಕೊಡುತ್ತಿದ್ದ ಜಾಗದಲ್ಲಿ. ಮೂರನೇ ಕ್ವಾರ್ಟರ್ ಮುಗಿದು ನಾಲ್ಕನೆಯದು ಶುರುವಾಗುವ ಮುಂಚೆ, ಅಂದರೆ ಆಟ ಪೂರ್ತಿ ನಿಂತಿರುವಾಗ, ಒಂದು ಹಾಡು ಹಾಕುತ್ತಾರೆ. ಇಡೀ ಸ್ಟೇಡಿಯಂ ಕುಣಿಯುತ್ತದೆ, ಅಜ್ಜಿಯರೂ ಕುಣಿಯುತ್ತಾರೆ, ಕಾಲ ಕೆಳಗಿನ ಕಾಂಕ್ರೀಟ್ ಅಲ್ಲಾಡುವುದು ಗೊತ್ತಾಗುತ್ತದೆ. ಇದು 1998ರಲ್ಲಿ ಶುರುವಾಗಿದ್ದು. 2003ರಲ್ಲಿ ಕಟ್ಟಡದ ಸುರಕ್ಷತೆ ಅಂತ ಹೇಳಿ ಇದನ್ನು ನಿಲ್ಲಿಸಿದರು, ವಿದ್ಯಾರ್ಥಿಗಳು ಗಲಾಟೆ ಮಾಡಿದರು, ಎಂಜಿನಿಯರುಗಳು ಏನೂ ಆಗುವುದಿಲ್ಲ ಅಂದ ಮೇಲೆ ಮತ್ತೆ ಶುರುವಾಯಿತು. ಆ ವಿದ್ಯಾರ್ಥಿಗಳು ಮಾಡಿದ್ದು ನೂರಕ್ಕೆ ನೂರು ಸರಿ.

ಇದಕ್ಕಿಂತಲೂ ದೊಡ್ಡದು ಅಲ್ಲಿನ 'ಐದನೇ ಕ್ವಾರ್ಟರ್'. ಪಂದ್ಯ ಮುಗಿದ ಮೇಲೆ ಬ್ಯಾಂಡು ಮೈದಾನಕ್ಕಿಳಿದು ಬಾರಿಸುತ್ತದೆ. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. 1969ರಿಂದ 2019ರವರೆಗೆ ಬ್ಯಾಂಡ್ ನಡೆಸಿದ ಮೈಕ್ ಲೆಕ್ರೋನ್ ಅವರ ಕಾಲದಲ್ಲಿ ಬೆಳೆದದ್ದು ಇದು. ಶುರುವಿನ ವರ್ಷಗಳಲ್ಲಿ ಟೀಮ್ ಸೋಲುತ್ತಿದ್ದದ್ದೇ ಜಾಸ್ತಿ. ಆದರೂ ಜನ ಎದ್ದು ಹೋಗದೆ ಕೂತಿರುತ್ತಿದ್ದರು, ಬ್ಯಾಂಡಿಗೋಸ್ಕರ. ಸೋಲುವ ಟೀಮಿನ ಊರಿನಲ್ಲಿ ಹುಟ್ಟಿದ ಪದ್ಧತಿ ಗೆಲ್ಲುವ ದಿನಗಳಲ್ಲೂ ಉಳಿದುಕೊಂಡಿತು ಅನ್ನುವುದೇ ನನಗೆ ಖುಷಿ.

ಅಯೋವಾ ಸಿಟಿಯ ವಿಷಯ ಬೇರೆಯೇ. ಕಿನ್ನಿಕ್ ಸ್ಟೇಡಿಯಂ ಪಕ್ಕದಲ್ಲೇ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆ ಇದೆ. ಅದರ ಮೇಲಿನ ಮಹಡಿಗಳಿಂದ ಮೈದಾನ ಕಾಣುತ್ತದೆ. 2017ರಿಂದ ಮೊದಲ ಕ್ವಾರ್ಟರ್ ಮುಗಿದ ಕೂಡಲೇ ಸ್ಟೇಡಿಯಂನಲ್ಲಿರುವ ಸುಮಾರು 70,000 ಜನ ಆ ಕಿಟಕಿಗಳ ಕಡೆ ತಿರುಗಿ ಮಕ್ಕಳಿಗೆ ಕೈ ಬೀಸುತ್ತಾರೆ. ಎದುರಾಳಿ ಆಟಗಾರರು, ಅಂಪೈರುಗಳು, ಕೋಚುಗಳು ಎಲ್ಲರೂ. ಒಬ್ಬ ಅಭಿಮಾನಿ ಫೇಸ್‌ಬುಕ್ಕಿನಲ್ಲಿ ಹೀಗೆ ಮಾಡಿದರೆ ಹೇಗೆ ಅಂತ ಕೇಳಿದ್ದರಿಂದ ಹುಟ್ಟಿದ್ದು ಇದು. ಇನ್ನೊಂದು ಸೋಪಿನದೋ ಟ್ರಕ್ಕಿನದೋ ಜಾಹೀರಾತು ತೋರಿಸಬಹುದಾಗಿದ್ದ ಹೊತ್ತು ಅದು, ಅಲ್ವಾ?

ದಕ್ಷಿಣದ ಕಡೆ ಗದ್ದಲವೇ ಹೆಮ್ಮೆ. ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಊರಾದ ಬ್ಯಾಟನ್ ರೂಜ್‌ನಲ್ಲಿ ರಾತ್ರಿ ಪಂದ್ಯಗಳೆಂದರೆ ಪ್ರಾಣ. 1988ರ ಅಕ್ಟೋಬರ್ 8ರಂದು ಆಬರ್ನ್ ಟೀಮಿನ ಮೇಲಿನ ಪಂದ್ಯದ ಕೊನೆಯಲ್ಲಿ ಬಂದ ಟಚ್‌ಡೌನಿಗೆ (ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಅಂಕ ಗಳಿಸುವುದು) ಜನ ಎದ್ದು ಕೂಗಿದ್ದು ಕ್ಯಾಂಪಸ್ಸಿನ ಭೂಕಂಪಮಾಪಕದಲ್ಲೇ ದಾಖಲಾಯಿತು. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಹಿಂದಿನ ದಿನ ನಡುರಾತ್ರಿಗೇ ಸ್ಟೇಡಿಯಂನಲ್ಲಿ ಸೇರಿ ಕೂಗುವುದನ್ನು ಅಭ್ಯಾಸ ಮಾಡುತ್ತಾರೆ, ಪಂದ್ಯದ ದಿನ ವಿದ್ಯಾರ್ಥಿಗಳು ಕೊನೆಯವರೆಗೂ ಕೂರುವುದೇ ಇಲ್ಲ. ಟೀಮಿಗೆ ಆಳು ಬೇಕಾದರೆ ನಾವಿದ್ದೇವೆ ಅನ್ನುವ ಅರ್ಥದಲ್ಲಿ. 1922ರ ಒಂದು ಪಂದ್ಯದಲ್ಲಿ ಗಾಯಾಳುಗಳು ಹೆಚ್ಚಾದಾಗ ಇ. ಕಿಂಗ್ ಗಿಲ್ ಅನ್ನುವ ವಿದ್ಯಾರ್ಥಿಯನ್ನು ಪ್ರೇಕ್ಷಕರ ನಡುವಿನಿಂದ ಕರೆಸಿದ್ದರು. ಅವರು ಸಮವಸ್ತ್ರ ತೊಟ್ಟು ಕೊನೆಯವರೆಗೂ ಬದಿಯಲ್ಲಿ ನಿಂತಿದ್ದರು.

ಓಹಾಯೋದ ಕೊಲಂಬಸ್ಸಿನಲ್ಲಿ ಬ್ಯಾಂಡಿನವರು 1936ರಿಂದ ಮೈದಾನದ ಮೇಲೆ ನಡೆದು ನಡೆದೇ ರಾಜ್ಯದ ಹೆಸರು ಬರೆಯುತ್ತಾರೆ. ಕೊನೆಗೆ ದೊಡ್ಡ ಕಹಳೆ ಹೊತ್ತ ಒಬ್ಬರು ಬಂದು 'ಐ' ಅಕ್ಷರದ ಮೇಲೆ ಚುಕ್ಕಿಯಾಗಿ ನಿಲ್ಲುತ್ತಾರೆ. ಅದನ್ನು ನೋಡಲೆಂದೇ ಹೋಗಬಹುದು.

ಇದೆಲ್ಲ ಹೇಳಲು ಕಾರಣ ಇದೆ. ಟಿವಿಯ ದುಡ್ಡು ಈ ದಿನಗಳನ್ನು ಬದಲಿಸುತ್ತಿದೆ. ಪಂದ್ಯ ಎಷ್ಟು ಗಂಟೆಗೆ ಅನ್ನುವುದನ್ನು ಟಿವಿಯವರು ಹೇಳುತ್ತಾರೆ. 2024ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಹೋಗಿ ಸೇರಿದ್ದು ಅಟ್ಲಾಂಟಿಕ್ ಕರಾವಳಿಯ ಲೀಗಿಗೆ. ಪೆಸಿಫಿಕ್ ಪಕ್ಕದ ಹುಡುಗರು ಒಂದು ಪಂದ್ಯಕ್ಕೆ ಇಡೀ ದೇಶ ದಾಟುತ್ತಾರೆ. ಆಟಗಾರರಿಗೆ ದುಡ್ಡು ಸಿಗುತ್ತಿರುವುದು ಒಳ್ಳೆಯದೇ, ಅವರ ಮೈಮುರಿತದ ಮೇಲೆ ಎಲ್ಲರೂ ಗಳಿಸುತ್ತಿದ್ದರು. ನನ್ನ ತಕರಾರು ಆಟ ನಿಂತ ಹೊತ್ತಿನ ಬಗ್ಗೆ. ಈಗೀಗ ಬಹಳ ಕಡೆ ಪಕ್ಕದಲ್ಲೇ ನೂರಾರು ಮಕ್ಕಳ ಬ್ಯಾಂಡ್ ಕೂತಿದ್ದರೂ ಸ್ಪೀಕರಿನಲ್ಲಿ ರೆಕಾರ್ಡ್ ಹಾಡು ಕಿರುಚುತ್ತದೆ, ದೊಡ್ಡ ಪರದೆಯ ಮೇಲೆ ಜಾಹೀರಾತು ಓಡುತ್ತದೆ. ಆ ಮಕ್ಕಳು ಆಗಸ್ಟಿನ ಬಿಸಿಲಲ್ಲಿ ವಾರಗಟ್ಟಲೆ ಅಭ್ಯಾಸ ಮಾಡಿರುತ್ತಾರೆ. ಅವರಿಗೆ ಬಿಡಿ ಆ ಹೊತ್ತನ್ನು.

ಬೇ ಏರಿಯಾದ ಕನ್ನಡಿಗರಿಗೆ ಒಂದು ಮಾತು. ನಿಮ್ಮ ಪಕ್ಕದ ಬರ್ಕ್ಲಿ ಸ್ಟೇಡಿಯಂ 1923ರದ್ದು, ಹೇವರ್ಡ್ ಭೂಕಂಪದ ಬಿರುಕಿನ ಮೇಲೇ ಕೂತಿದೆ. ಅದರ ಹಿಂದಿನ ಗುಡ್ಡಕ್ಕೆ ಟೈಟ್‌ವಾಡ್ ಹಿಲ್ ಅನ್ನುತ್ತಾರೆ, ಅಲ್ಲಿ ಹತ್ತಿ ಕೂತರೆ ಕಾಸಿಲ್ಲದೆ ಪಂದ್ಯ ಕಾಣುತ್ತದೆ. ಬರ್ಕ್ಲಿ ಅಂಕ ಗಳಿಸಿದಾಗಲೆಲ್ಲ ಫಿರಂಗಿ ಹಾರಿಸುವುದೂ ಆ ಗುಡ್ಡದಿಂದಲೇ. ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ಗುಡ್ಡ ಹತ್ತಿಸಬೇಡಿ, ಕೆಳಗೆ ಬ್ಯಾಂಡ್ ಹೋಗುವ ದಾರಿಯಲ್ಲಿ ನಿಲ್ಲಿಸಿ. ಅವರನ್ನು ಮ್ಯಾಡಿಸನ್ನಿಗೆ ಕರೆದುಕೊಂಡು ಬರುವ ಹಾಗಿದ್ದರೆ ಸೆಪ್ಟೆಂಬರ್ ಕೊನೆಗೆ ಬನ್ನಿ, ನವೆಂಬರಿನ ಚಳಿ ಅವರಿಗೆ ಆಗುವುದಿಲ್ಲ. ಪಂದ್ಯ ಮುಗಿದ ತಕ್ಷಣ ಟ್ರಾಫಿಕ್ ಅಂತ ಓಡಬೇಡಿ. ಐದನೇ ಕ್ವಾರ್ಟರ್ ಇನ್ನೂ ಬಾಕಿ ಇರುತ್ತದೆ.