ಸಹಿ ಹಾಕದ ನಟ

ಗ್ರೀಕ್ ಸಿನಿಮಾದ ಮಾತು ಬಂದರೆ ಐರೀನ್ ಪಾಪಾಸ್, ಮೆಲಿನಾ ಮರ್ಕೂರಿ ಅಂತ ಎರಡು ಹೆಸರು ಹೇಳಿ ಮುಗಿಸಿಬಿಡ್ತೀವಿ. ಮಾನೋಸ್ ಕತ್ರಾಕಿಸ್ ಅಂದರೆ "ಯಾರಪ್ಪಾ ಅದು?" ಅನ್ನೋರೇ ಜಾಸ್ತಿ. ನನ್ನ ಮಟ್ಟಿಗೆ ಆ ದೇಶದ ನಟರಲ್ಲಿ ಅವನಷ್ಟು ತೂಕದವನು ಇನ್ನೊಬ್ಬನಿಲ್ಲ.

ಹುಟ್ಟಿದ್ದು ಕ್ರೀಟ್ ದ್ವೀಪದ ಕಿಸಾಮೋಸ್‌ನಲ್ಲಿ. ಹರೆಯದಲ್ಲಿ ಅಥೆನ್ಸ್‌ನಲ್ಲಿ ಫುಟ್‌ಬಾಲ್ ಆಡಿಕೊಂಡಿದ್ದ. ಮೂಕಿ ಚಿತ್ರಗಳ ಕಾಲದಲ್ಲೇ ಕ್ಯಾಮೆರಾ ಮುಂದೆ ನಿಂತ. ಜರ್ಮನರು ದೇಶವನ್ನು ಆಕ್ರಮಿಸಿಕೊಂಡಿದ್ದಾಗ ಎಡಪಂಥೀಯ ಪ್ರತಿರೋಧದ ಕಡೆಗಿದ್ದ. ಆಮೇಲೆ ಸರ್ಕಾರಕ್ಕೂ ಕಮ್ಯುನಿಸ್ಟರಿಗೂ ಅಂತರ್ಯುದ್ಧ ಶುರುವಾಯಿತು ನೋಡಿ, ಎಡಪಂಥದ ಕಡೆಗಿದ್ದದ್ದೇ ಅಪರಾಧವಾಯಿತು. ಮಾಕ್ರೋನಿಸೋಸ್‌ಗೆ ಕಳಿಸಿದರು.

ಲಾವ್ರಿಯೋ ಬಂದರಿನ ಎದುರಿಗಿರುವ ಬೋಳು ದ್ವೀಪ ಅದು, ಎಡಪಂಥೀಯರನ್ನು ಕೂಡಿಹಾಕುತ್ತಿದ್ದ ಜಾಗ. ಅಲ್ಲಿಂದ ಹೊರಬರುವ ದಾರಿ ಒಂದು ಕಾಗದದಷ್ಟೇ ದೂರ. ಕಮ್ಯುನಿಸಂ ಬಿಟ್ಟೆ, ತಪ್ಪಾಯಿತು ಅಂತ ಪಶ್ಚಾತ್ತಾಪ ಪತ್ರಕ್ಕೆ ಸಹಿ ಹಾಕಬೇಕು, ಅಷ್ಟೇ. ಹಾಕದವರಿಗೆ ಏಟು, ಕಲ್ಲು ಹೊರುವ ಕೆಲಸ. ಹಾಕಿದವರ ಪತ್ರವನ್ನು ಪೇಪರಿಗೆ ಕೊಟ್ಟು, ಅವರ ಊರಿಗೂ ಕಳಿಸಿ ಮಾನ ತೆಗೆಯುತ್ತಿದ್ದರು. ಇನ್ನೊಬ್ಬರು ಬರೆದ ಮಾತು ಒಪ್ಪಿಸುವುದೇ ನಟನ ಕಸುಬು. ಇದನ್ನೂ ಒಪ್ಪಿಸಿ ಮನೆಗೆ ಹೋಗಬಹುದಿತ್ತು. ಕತ್ರಾಕಿಸ್ ಹಾಕಲಿಲ್ಲ. ಮುಂದೆ ಆಯಿ ಸ್ತ್ರಾತಿಸ್ ದ್ವೀಪದಲ್ಲೂ ಗಡೀಪಾರಾಗಿದ್ದ. ಜೊತೆಗೆ ಕವಿ ಯಾನಿಸ್ ರಿತ್ಸೋಸ್. ಅಲ್ಲೂ ಕೈದಿಗಳು ನಾಟಕ ಆಡಿದರು ಅನ್ನಿ, ರಂಗದ ಹುಚ್ಚು ಬಿಡಬೇಕಲ್ಲ.

ವಾಪಸ್ ಬಂದ ಮೇಲೆ 1955ರಲ್ಲಿ 'ಗ್ರೀಕ್ ಜನತಾ ರಂಗಭೂಮಿ' ಅಂತ ತನ್ನದೇ ತಂಡ ಕಟ್ಟಿದ. 1961ರ 'ಆಂಟಿಗೊನೆ' ಚಿತ್ರದಲ್ಲಿ ಪಾಪಾಸ್ ಎದುರು ಕ್ರಿಯಾನ್ ಆದ. ಲಂಕೇಶರ 'ಅಂತಿಗೊನೆ' ಓದಿದವರಿಗೆ ಕ್ರಿಯಾನ್ ಗೊತ್ತು: ಸತ್ತವನನ್ನು ಮಣ್ಣು ಮಾಡಬಾರದು ಅಂತ ಆಜ್ಞೆ ಹೊರಡಿಸುವ ದೊರೆ. ಪ್ರಭುತ್ವದ ಏಟು ತಿಂದವನಿಗೆ ಆ ದೊರೆಯನ್ನು ರಾಕ್ಷಸ ಮಾಡಿಬಿಡುವುದು ಸುಲಭವಿತ್ತು. ಅವನು ಹಾಗೆ ಮಾಡಲಿಲ್ಲ. ತಾನು ಮಾಡಿದ್ದೇ ಸರಿ ಅಂತ ಪ್ರಾಮಾಣಿಕವಾಗಿ ನಂಬಿದ ಗೃಹಸ್ಥನ ಹಾಗೆ ಮಾತಾಡುತ್ತಾನೆ. ಅದಕ್ಕೇ ಹೆಚ್ಚು ಭಯ.

ಆ ಕಂಠವಂತೂ! 1964ರಲ್ಲಿ ಸಂಗೀತಗಾರ ಥಿಯೋಡೊರಾಕಿಸ್, ಕವಿ ಎಲಿಟಿಸ್‌ನ ಕಾವ್ಯ 'ಆಕ್ಸಿಯನ್ ಎಸ್ತಿ'ಗೆ ಸಂಗೀತ ಕೂಡಿಸಿ ರೆಕಾರ್ಡ್ ಮಾಡಿದಾಗ ಗದ್ಯಭಾಗಗಳನ್ನು ಓದಿದ್ದು ಇವನೇ. ಭಾಷೆ ಬಾರದಿದ್ದರೂ ಒಮ್ಮೆ ಕೇಳಿ.

ಕೊನೆಗೆ 1984, ನಿರ್ದೇಶಕ ಆಂಜೆಲೊಪೌಲೊಸ್‌ನ ಚಿತ್ರ 'ವಾಯೇಜ್ ಟು ಸಿಥೆರಾ'. ಅಂತರ್ಯುದ್ಧದಲ್ಲಿ ಸೋತು 32 ವರ್ಷ ಸೋವಿಯತ್ ನೆಲದಲ್ಲಿದ್ದ ಮುದುಕ ಸ್ಪಿರೋಸ್ (ಕತ್ರಾಕಿಸ್) ಹಡಗಿಳಿಯುತ್ತಾನೆ. ಮಕ್ಕಳನ್ನು ನೋಡಿ ಅವನು ಹೇಳುವುದು ಇಷ್ಟೇ: "ನಾನೇ." ಊರಿನವರೆಲ್ಲ ಬೆಟ್ಟವನ್ನು ಕಂಪನಿಗೆ ಮಾರಲು ಸಾಲು ನಿಂತರೆ ಇವನೊಬ್ಬ ಸಹಿ ಹಾಕುವುದಿಲ್ಲ. ಸ್ಮಶಾನದಲ್ಲಿ ಸತ್ತ ಗೆಳೆಯರ ಗೋರಿಗಳ ಮಧ್ಯೆ ಕುಣಿಯುತ್ತಾನೆ. ಚಿತ್ರಕ್ಕೆ ಕ್ಯಾನ್ ಚಿತ್ರೋತ್ಸವದಲ್ಲಿ ಚಿತ್ರಕಥೆಯ ಪ್ರಶಸ್ತಿ ಬಂತು. ಅದೇ ವರ್ಷ ಸೆಪ್ಟೆಂಬರ್ 2ರಂದು ಕತ್ರಾಕಿಸ್ ತೀರಿಕೊಂಡ.

ಅವನು ಅಲ್ಲಿ ತನ್ನ ಕಥೆಯನ್ನೇ ಆಡಿದ, ಅದರಲ್ಲೇನು ನಟನೆ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಜೀವನವಿಡೀ ಆ ಗುಡುಗಿನಂಥ ಕಂಠದಿಂದ ಬದುಕಿದವನು ಇಲ್ಲಿ ಅದನ್ನೇ ಪಕ್ಕಕ್ಕಿಟ್ಟು, ಗೊಣಗುವ ಮುದುಕನಾಗಿದ್ದಾನೆ. ಸ್ಪಿರೋಸ್‌ನನ್ನು ಮಾತ್ರ ನೋಡಿದರೆ ಅವನು ಎಷ್ಟು ಬಿಟ್ಟುಕೊಟ್ಟಿದ್ದಾನೆ ಅನ್ನುವುದು ಗೊತ್ತಾಗುವುದಿಲ್ಲ. ಎರಡೂ ನೋಡಿ, ಮೊದಲು 'ಆಂಟಿಗೊನೆ'.