ಕೆಲಸದವರ ಮಳೆಯಂಗಿಯನ್ನು ಹೊಲಿಗೆ ನೋಡಿ ಕೊಳ್ಳಿ

ನಿನ್ನೆ ತೀರ್ಥಹಳ್ಳಿಯ ಪೇಟೆಯಲ್ಲಿ ಗಂಬೂಟು ಕೊಳ್ಳಲು ನಿಂತಿದ್ದಾಗ ಕಂಡ ದೃಶ್ಯ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಪಕ್ಕದಲ್ಲಿದ್ದ ತೋಟದ ಯಜಮಾನರೊಬ್ಬರು ತಮಗೆ ಬೇಕಾದ ರೇನ್‌ಕೋಟನ್ನು ಅರ್ಧ ಗಂಟೆ ಆರಿಸಿದರು. ತೊಟ್ಟು ನೋಡಿದರು, ಕೈ ಎತ್ತಿ ನೋಡಿದರು, ಜಿಪ್ಪನ್ನು ನಾಲ್ಕು ಸಲ ಎಳೆದು ನೋಡಿದರು. ಆಮೇಲೆ, "ಕೆಲಸದ ಹೆಂಗಸರಿಗೆ ಹತ್ತು ಕೊಡಿ, ಕಡಿಮೆಯದು ಯಾವುದಿದ್ದರೂ ಆದೀತು" ಎಂದರು. ಅಂಗಡಿಯವರು ಕಟ್ಟಿಕೊಟ್ಟದ್ದು ಬೆರಳು ಒತ್ತಿದರೆ ತೂತಾಗುವಷ್ಟು ತೆಳುವಾದ ಪ್ಲಾಸ್ಟಿಕ್ ಹಾಳೆಯ ಕೋಟುಗಳನ್ನು. ಕಾರಿನಿಂದ ಮನೆಯವರೆಗೆ ನಡೆಯುವ ವ್ಯಕ್ತಿಗೆ ಗಟ್ಟಿ ಕೋಟು, ಬೆಳಗಿನಿಂದ ಸಂಜೆಯವರೆಗೆ ಮಳೆಯಲ್ಲಿ ಬಗ್ಗಿ ನಿಲ್ಲುವವರಿಗೆ ಹರಿಯುವ ಹಾಳೆ. ಇದು ನನಗೆ ಸಹಿಸಲಾಗಲಿಲ್ಲ.

ಸಹಿಸಲಾಗದಿರುವುದಕ್ಕೆ ಒಂದು ಕಾರಣ, ನಾನೂ ಅದೇ ತಪ್ಪು ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ನಾಟಿಯ ಹೊತ್ತಿಗೆ ಅಂಥದೇ ಕೋಟುಗಳನ್ನು ತಂದು ಹಂಚಿದ್ದೆ. ಮೂರನೆಯ ದಿನಕ್ಕೆ ಕಂಕುಳಲ್ಲಿ ಹರಿದವು. ನಮ್ಮಲ್ಲಿ ಬಹುಕಾಲದಿಂದ ನಾಟಿಗೆ ಬರುವ ಹಿರಿಯ ಹೆಂಗಸೊಬ್ಬರು, "ಇದು ಹಾಕ್ಕಂಡ್ರೂ ನೆನೀತೀವಿ, ಬಿಟ್ರೂ ನೆನೀತೀವಿ ಅಯ್ಯಾ" ಎಂದು ಅದನ್ನು ಬದುವಿನ ಮೇಲೆ ಮಡಚಿಟ್ಟು, ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಗದ್ದೆಗಿಳಿದರು. ಆ ವಾರ ಅವರಿಗೆ ಜ್ವರ ಬಂತು. ಅಂದಿನಿಂದ ಮಳೆಯಂಗಿ ಕೊಳ್ಳುವಾಗ ನಾನು ಬೆಲೆಯ ಚೀಟಿಗಿಂತ ಮೊದಲು ಹೊಲಿಗೆಯನ್ನು ನೋಡುತ್ತೇನೆ.

ಏಕೆಂದರೆ ನೀರು ಒಳಗೆ ಬರುವುದು ಹೆಚ್ಚಾಗಿ ಬಟ್ಟೆಯಿಂದಲ್ಲ, ಹೊಲಿಗೆಯಿಂದ. ಸೂಜಿ ಹಾಕಿದಲ್ಲೆಲ್ಲ ಒಂದೊಂದು ತೂತು ಬೀಳುತ್ತದೆ. ಆ ತೂತುಗಳ ಸಾಲನ್ನು ಒಳಗಿನಿಂದ ಟೇಪು ಅಂಟಿಸಿ ಮುಚ್ಚಿರಬೇಕು, ಇಲ್ಲವೇ ಹೊಲಿಯುವ ಬದಲು ಎರಡು ಅಂಚುಗಳನ್ನು ಬಿಸಿಯಿಂದ ಬೆಸೆದಿರಬೇಕು. ಕೋಟನ್ನು ತಿರುವಿ ಹಾಕಿ ಒಳಮೈ ನೋಡಿದರೆ ಇದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ಭುಜ, ಕಂಕುಳು, ತೊಡೆಸಂದು, ಈ ಮೂರು ಕಡೆ ಟೇಪು ಇಲ್ಲದ ಅಂಗಿಯನ್ನು ಅಲ್ಲಿಯೇ ಬಿಟ್ಟು ಬರಬಹುದು. ಚೀಟಿಯ ಮೇಲೆ 5,000 ಮಿ.ಮೀ. ಎಂದೋ 10,000 ಮಿ.ಮೀ. ಎಂದೋ ಬರೆದಿದ್ದರೆ, ಅದು ಅಷ್ಟು ಎತ್ತರದ ನೀರಿನ ಒತ್ತಡವನ್ನು ಆ ಬಟ್ಟೆ ತಡೆಯುತ್ತದೆ ಎಂಬ ಮಾತು. ಹೊಲಿಗೆಯ ಬಗ್ಗೆ ಆ ಸಂಖ್ಯೆ ಏನನ್ನೂ ಹೇಳುವುದಿಲ್ಲ.

ಬಟ್ಟೆಯ ವಿಷಯದಲ್ಲಿ, ಪಾಲಿಯೆಸ್ಟರ್ ನೇಯ್ಗೆಯ ಮೇಲೆ ಪಿವಿಸಿ ಲೇಪಿಸಿದ್ದು ತೋಟದ ಕೆಲಸಕ್ಕೆ ಆದೀತು. ಬರೀ ಪ್ಲಾಸ್ಟಿಕ್ ಹಾಳೆಗೆ ಒಳಗೆ ನೂಲಿನ ಆಧಾರವಿಲ್ಲ. ಕಾಫಿ ಗಿಡದ ಕೊಂಬೆ ಒಮ್ಮೆ ಸಿಕ್ಕಿಸಿಕೊಂಡರೆ ಕೊನೆಯವರೆಗೂ ಸೀಳಿಹೋಗುತ್ತದೆ. ಬೆವರನ್ನು ಹೊರಬಿಡುವ ಬಟ್ಟೆಯೆಂದು ಹೇಳಿ ಮಾರುವ ದುಬಾರಿ ಕೋಟುಗಳ ಮೇಲೆ ಹಲವರಿಗೆ ಬಹಳ ನಂಬಿಕೆಯಿದೆ. ಆದರೆ ಒಳಗಿನ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ, ಆರಿದ್ರಾ, ಪುನರ್ವಸು ಮಳೆಗಳ ಹೊತ್ತಿಗೆ ಗಾಳಿಯೇ ನೀರು ಕುಡಿದು ನಿಂತಿರುತ್ತದೆ. ಅಲ್ಲಿ ಬೆನ್ನಿನ ಮೇಲೆ ಮಡಿಕೆಯಡಿ ಗಾಳಿಕಿಂಡಿ ಇಟ್ಟಿರುವ, ಮೈಗಿಂತ ಒಂದು ಅಳತೆ ದೊಡ್ಡದಾದ ಸಾಧಾರಣ ಅಂಗಿಯೇ ಹೆಚ್ಚು ಹಿತ.

ಆದರೆ ನನ್ನ ದೊಡ್ಡ ದೂರು ಬೇರೆಯೇ ಇದೆ. ಅಂಗಡಿಯಲ್ಲಿ ಸಿಗುವ ಮಳೆಯುಡುಪುಗಳಲ್ಲಿ ಹೆಚ್ಚಿನವು ಬೈಕಿನಲ್ಲಿ ಕೂರುವ ಗಂಡಸಿಗಾಗಿ ಹೊಲಿದವು. ಸೀರೆಯನ್ನು ಮೇಲೆತ್ತಿ ಕಟ್ಟಿ, ಅದರ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು ಕೆಲಸ ಮಾಡುವ ನಮ್ಮ ಹೆಂಗಸರು ಆ ಪ್ಯಾಂಟನ್ನು ಎಲ್ಲಿಗೆ ಹಾಕಿಕೊಳ್ಳಬೇಕು? ಉದ್ದ ಕೋಟಾದರೆ ಗದ್ದೆಯ ಕೆಸರಿನಲ್ಲಿ ಅಂಚು ಎಳೆಯುತ್ತದೆ, ದರೆ ಹತ್ತುವಾಗ ಕಾಲಿಗೆ ಸಿಕ್ಕುತ್ತದೆ. ಬಗ್ಗಿದಾಗ ಟೋಪಿ ಮುಖದ ಮೇಲೆ ಬೀಳುತ್ತದೆ, ನೀರು ಕುತ್ತಿಗೆಯಿಂದ ಒಳಗಿಳಿಯುತ್ತದೆ. ಕಳೆ ಕೊಚ್ಚುವ ಯಂತ್ರ ಹಿಡಿದವರಿಗಂತೂ ಬದಿಯ ನೋಟವನ್ನು ಮರೆಮಾಡುವ ಟೋಪಿ ಅಪಾಯವೇ ಸರಿ.

ನಮ್ಮ ಹಿರಿಯರು ಇದನ್ನು ಯೋಚಿಸಿದ್ದರು. ಬಿದಿರಿನ ಸೀಳುಗಳ ನಡುವೆ ಎಲೆ ಹೊದೆಸಿ ಕಟ್ಟುತ್ತಿದ್ದ ಗೊರಬು, ಬಗ್ಗಿ ನೆಡುವ ಹೆಂಗಸಿನ ತಲೆಯಿಂದ ಸೊಂಟದವರೆಗೆ ದೋಣಿ ಕವುಚಿದಂತೆ ಕೂರುತ್ತಿತ್ತು. ಮಳೆ ಬೀಳುವುದು ಬೆನ್ನಿನ ಮೇಲೆ, ಆದ್ದರಿಂದ ಬೆನ್ನಿಗೇ ಮುಚ್ಚಿಗೆ. ಎದುರು ತೆರೆದಿದ್ದರಿಂದ ಕೈಗೆ ಅಡ್ಡಿಯಿಲ್ಲ, ಗಾಳಿಗೂ ತಡೆಯಿಲ್ಲ. ಹೊಟ್ಟೆಪಾಡಿಗಾಗಿ ಬಗ್ಗುವ ದೇಹವನ್ನು ನೋಡಿ ಮಾಡಿದ ವಸ್ತು ಅದು. ಗಾಳಿಗೆ ಎತ್ತುತ್ತದೆ ಎಂಬ ತೊಂದರೆ ಅದಕ್ಕೂ ಇತ್ತು, ಕಂಬಳಿ ಕೊಪ್ಪೆ ನೀರು ಕುಡಿದರೆ ಭಾರವಾಗುತ್ತಿತ್ತು. ಅವುಗಳಲ್ಲಿ ಕೊರತೆಯೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಅವುಗಳ ಹಿಂದೆ ಇದ್ದ ಗಮನ ಇಂದಿನ ಕೋಟಿನಲ್ಲಿ ಇಲ್ಲ ಎನ್ನುತ್ತೇನೆ.

ಒಳ್ಳೆಯದನ್ನು ಕೊಟ್ಟರೂ ಕೆಲಸದವರು ಜೋಪಾನ ಮಾಡುವುದಿಲ್ಲ, ಕಳೆದುಹಾಕುತ್ತಾರೆ ಎಂಬ ಮಾತನ್ನು ಯಜಮಾನರಿಂದ ಬಹಳ ಸಲ ಕೇಳಿದ್ದೇನೆ. ನಾಲ್ಕು ವರ್ಷದ ಹಿಂದೆ ನಾನು ಕೊಟ್ಟ ಟೇಪು ಹಾಕಿದ ಮೊಳಕಾಲುದ್ದದ ಕೋಟುಗಳಲ್ಲಿ ಐದು ಈಗಲೂ ಬಳಕೆಯಲ್ಲಿವೆ. ಕೆಸರು ತೊಳೆದು, ಒಲೆಯ ಮೇಲಲ್ಲದೆ ಜಗಲಿಯ ಬಿದಿರಿನ ಗಳುವಿಗೆ ನೇತುಹಾಕಿ ನೆರಳಿನಲ್ಲಿ ಒಣಗಿಸುವವರು ಅವರೇ. ಹಸಿಯಾಗಿಯೇ ಮಡಚಿಟ್ಟು ಬೂಸಲು ಹಿಡಿಸಿದ್ದು ನನ್ನ ಕೋಟು. ಉಳಿಯಬಲ್ಲ ವಸ್ತುವನ್ನು ಜನ ಉಳಿಸಿಕೊಳ್ಳುತ್ತಾರೆ. ವಾರದಲ್ಲಿ ಹರಿಯುವುದನ್ನು ಮಳೆಗಾಲದಲ್ಲಿ ಮೂರು ಬಾರಿ ಕೊಂಡರೆ ಉಳಿತಾಯ ಎಲ್ಲಿಯದು?

ತೋಟದ ಕಾರ್ಮಿಕರಿಗಾಗಿ 1951ರಲ್ಲಿ ಬಂದ ಕಾಯ್ದೆಯಲ್ಲಿಯೇ ಛತ್ರಿ, ಕಂಬಳಿ, ರೇನ್‌ಕೋಟುಗಳನ್ನು ಮಾಲೀಕರು ಕೊಡಬೇಕೆಂದು ನಿಯಮ ಮಾಡಲು ಸರ್ಕಾರಗಳಿಗೆ ಅವಕಾಶವಿತ್ತು. ಅಂದರೆ ಇದು ನಾವು ಮಾಡುವ ಉಪಕಾರ ಎಂದು ಆಗಲೂ ಯಾರೂ ಭಾವಿಸಿರಲಿಲ್ಲ. ನಮ್ಮಂಥ ಸಣ್ಣ ಅಡಿಕೆ ತೋಟದವರನ್ನು ಕಾನೂನು ಕೇಳದಿದ್ದರೂ ಮಳೆ ಎಲ್ಲರ ಬೆನ್ನಿಗೂ ಒಂದೇ ಬಗೆಯಲ್ಲಿ ಬೀಳುತ್ತದೆ.

ಈ ಸಲ ಕೆಲಸಕ್ಕೆ ಬರುವ ಆರು ಮಂದಿಯನ್ನೂ ಅಂಗಡಿಗೆ ಕರೆದುಕೊಂಡು ಹೋಗುವವನಿದ್ದೇನೆ. ತೊಟ್ಟು, ಅಲ್ಲಿಯೇ ಬಗ್ಗಿ, ಕುಕ್ಕುರುಗಾಲಿನಲ್ಲಿ ಕೂತು ನೋಡಿ ಅವರೇ ಆರಿಸಲಿ. ಜೊತೆಗೆ ಒಂದು ಕೋರಿಕೆ: ಹೊಸನಗರ, ಕೊಪ್ಪ, ಶೃಂಗೇರಿ ಕಡೆಯ ಸ್ನೇಹಿತರಲ್ಲಿ ಯಾರಿಗಾದರೂ ಇಂದಿಗೂ ಗೊರಬು ಕಟ್ಟುವವರ ಪರಿಚಯವಿದ್ದರೆ ದಯವಿಟ್ಟು ತಿಳಿಸಿ. ನಾಟಿ ಮುಗಿಯುವುದರೊಳಗೆ ನನಗೆ ನಾಲ್ಕು ಬೇಕು.