ಗುಂಡು ಮೊದಲು, ಮದ್ದು ಆಮೇಲೆ

ಗಜ ಕುಣಿಯಬೇಕು ಎನ್ನುತ್ತಿದ್ದರು ನಮ್ಮಜ್ಜ. ಗಜ ಎಂದರೆ ಕೋವಿಯ ನಳಿಗೆಯೊಳಗೆ ಮದ್ದು ಜಡಿಯುವ ಸರಳು. ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟಕ್ಕೆ ಹಂದಿಯ ಕಾಟ ವಿಪರೀತವಾಗಿದ್ದ ಕಾಲ. ಮನೆಯಲ್ಲಿ ಪರವಾನಗಿ ಇದ್ದ ಒಂದು ಕೇಪಿನ ಕೋವಿ ಇತ್ತು; ಮೂತಿಯಿಂದ ಮದ್ದು ತುಂಬಿ, ಬಡಿದರೆ ಕಿಡಿ ಕೊಡುವ ಪುಟ್ಟ ಕೇಪಿನಿಂದ ಹೊತ್ತಿಸುವಂಥದ್ದು. ಅಜ್ಜ ಹಿತ್ತಾಳೆಯ ಅಳತೆಯಲ್ಲಿ ಕರಿಮದ್ದು ತುಂಬಿ ನಳಿಗೆಗೆ ಸುರಿಯುತ್ತಿದ್ದರು. ಮೇಲೆ ತೆಂಗಿನ ನಾರು, ಅದರ ಮೇಲೆ ಚರೆ, ಮತ್ತೆ ನಾರು. ಆಮೇಲೆ ಗಜದಿಂದ ಜಡಿತ. ಒಳಗೆ ಸಡಿಲವಿದ್ದರೆ ಗಜ ಮೆತ್ತಗೆ ಕೂರುತ್ತದೆ, ಬಿಗಿಯಾಗಿದ್ದರೆ ಟಣ್ಣೆಂದು ಮೇಲಕ್ಕೆ ಪುಟಿಯುತ್ತದೆ. ಮದ್ದಿಗೂ ಅದರ ಮೇಲಿನ ಭಾರಕ್ಕೂ ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಅಜ್ಜ ಅದನ್ನು ಯಾವ ಪುಸ್ತಕದಲ್ಲೂ ಓದಿದವರಲ್ಲ.

ಈಗ ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಚಳಿಗಾಲದ ಸಂಜೆಗಳಲ್ಲಿ ನನ್ನ ರೈಫಲಿಗೆ ನಾನೇ ತೋಟೆ ತುಂಬಿಕೊಳ್ಳುತ್ತೇನೆ, ಅಂದರೆ ಹಿತ್ತಾಳೆಯ ಚಿಪ್ಪಿಗೆ ಕೇಪು, ಮದ್ದು, ಗುಂಡು ಕೂರಿಸುತ್ತೇನೆ. ಇಲ್ಲಿ ಅದು ಕಾನೂನುಬದ್ಧ ಹವ್ಯಾಸ. ರೈಫಲು .45-70. ಅಮೆರಿಕದ ಸೇನೆ 1873ರಲ್ಲಿ ಒಪ್ಪಿಕೊಂಡ ತೋಟೆ ಇದು. ಹೆಸರಿನಲ್ಲಿರುವ 45 ಗುಂಡಿನ ದಪ್ಪ, ಅಂದರೆ ಸುಮಾರು 0.45 ಅಂಗುಲ. 70 ಎಂಬುದು ಆ ಕಾಲದಲ್ಲಿ ತುಂಬುತ್ತಿದ್ದ ಕರಿಮದ್ದಿನ ತೂಕ, ಗ್ರೇನ್ ಲೆಕ್ಕದಲ್ಲಿ. ಗ್ರೇನ್ ಎಂದರೆ ನಮ್ಮ ಅಕ್ಕಸಾಲಿಗರ ಗುಲಗಂಜಿಯ ಅರ್ಧದಷ್ಟು ತೂಕ ಎಂದುಕೊಳ್ಳಿ. ಮೂಲದ ಸೀಸದ ಗುಂಡು 405 ಗ್ರೇನ್, ಅಂದರೆ 26 ಗ್ರಾಂ. ವೇಗ ಸೆಕೆಂಡಿಗೆ ಸುಮಾರು 400 ಮೀಟರ್. ಇಂದಿನ ಸಾಮಾನ್ಯ ಬೇಟೆ ರೈಫಲುಗಳ ವೇಗ ಇದರ ಎರಡರಷ್ಟು.

ನನಗೆ ನಿಧಾನದ ಗುಂಡೇ ಇಷ್ಟ. ದಟ್ಟ ಕಾಡಿನಲ್ಲಿ ನೂರು ಮೀಟರಿನೊಳಗೆ ನಿಲ್ಲುವ ಜಿಂಕೆಗೆ ಭಾರದ ಸೀಸ ಧಾರಾಳ ಸಾಕು. ಭುಜಕ್ಕೆ ಪೆಟ್ಟು ಕಡಿಮೆ, ಹಿತ್ತಾಳೆಯ ಚಿಪ್ಪು ಬಹುಕಾಲ ಬಾಳುತ್ತದೆ. ಆದರೆ ಹೊಸಬರು ಬಂದೊಡನೆ ಕೇಳುವುದು ಯಾವ ಮದ್ದು ಹಾಕಲಿ ಎಂದು. ಆ ಪ್ರಶ್ನೆಯ ಸರದಿ ಆಮೇಲೆ. ಮೊದಲು ಗುಂಡು.

ತಾಮ್ರದ ಕವಚವಿರುವ ಗುಂಡನ್ನು ನಳಿಗೆಯ ಸುರುಳಿ ಗೆರೆಗಳ ಮೂಲಕ ನೂಕಲು ಸಾಕಷ್ಟು ಒತ್ತಡ ಬೇಕು. ಮದ್ದು ತೀರಾ ಕಡಿಮೆಯಾದರೆ ಅದು ನಡುದಾರಿಯಲ್ಲೇ ನಿಲ್ಲುತ್ತದೆ. ಎರಕದ ಸೀಸದ ಗುಂಡು ಹಾಗಲ್ಲ, ಜಾರಿಕೊಂಡು ಹೋಗುತ್ತದೆ. ಆದರೆ ಸೀಸ ಎಷ್ಟು ಮೆದು ಎನ್ನುವುದನ್ನು ನೋಡಬೇಕು. ಕಡಿಮೆ ಒತ್ತಡದಲ್ಲಿ ಗಡಸು ಗುಂಡಿನ ಬುಡ ಹಿಗ್ಗಿ ನಳಿಗೆಯನ್ನು ತುಂಬುವುದಿಲ್ಲ. ಪಕ್ಕದಲ್ಲಿ ಬಿಸಿ ಅನಿಲ ನುಗ್ಗಿ ಸೀಸವನ್ನು ಕರಗಿಸಿ ಗೋಡೆಗೆ ಮೆತ್ತುತ್ತದೆ. ಅದಕ್ಕೇ ನಾನು ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರ ಬೆರೆಸುತ್ತೇನೆ. ಎರಕಕ್ಕೆ ಮುಂಚೆ ನಳಿಗೆಯ ಅಳತೆ ತಿಳಿದಿರಬೇಕು. ಶುದ್ಧ ಸೀಸದ ತುಂಡೊಂದನ್ನು ಎಣ್ಣೆ ಸವರಿದ ನಳಿಗೆಗೆ ಬಡಿದು ಆಚೆ ತೆಗೆದರೆ ಗೆರೆಗಳ ಅಚ್ಚು ಅದರ ಮೇಲೆ ಮೂಡಿರುತ್ತದೆ. ಗುಂಡು ಆ ಅಳತೆಗಿಂತ ಕೂದಲೆಳೆಯಷ್ಟು ದಪ್ಪವಿರಬೇಕು. ಗುಂಡಿನ ಸುತ್ತಲಿನ ಗೀರುಗಳಿಗೆ ಜೇನುಮೇಣದ ಲೇಪ ತುಂಬುತ್ತೇನೆ. ಆ ವಾಸನೆ ಬಂದಾಗಲೆಲ್ಲ ನಮ್ಮ ಮನೆಯ ಅಟ್ಟ ನೆನಪಾಗುತ್ತದೆ.

ಗುಂಡಿನ ಮೂತಿ ಚಪ್ಪಟೆಯಾಗಿರುವುದೂ ಮುಖ್ಯ. ನನ್ನದು ಲಿವರ್ ರೈಫಲು, ಕೆಳಗಿನ ಸನ್ನೆಯನ್ನು ಎಳೆದು ತೋಟೆ ಏರಿಸುವಂಥದ್ದು. ತೋಟೆಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತವೆ. ಚೂಪು ಮೂತಿ ಮುಂದಿನ ತೋಟೆಯ ಕೇಪಿಗೆ ತಾಗಿದರೆ ಕೊಳವೆಯೊಳಗೇ ಸಿಡಿಯಬಹುದು.

ಇನ್ನು ಮದ್ದು. ಇಂದಿನ ತೋಟೆಗಳಲ್ಲಿರುವುದು ಕರಿಮದ್ದಿಗಿಂತ ಬಲವಾದ, ಹೊಗೆಯಿಲ್ಲದ ಮದ್ದು; ಸ್ವಲ್ಪವೇ ಸಾಕು. ಕರಿಮದ್ದಿಗಾಗಿ ಮಾಡಿದ ದೊಡ್ಡ ಚಿಪ್ಪಿಗೆ ಅದನ್ನು ಸುರಿದರೆ ಅದು ತಳದಲ್ಲಿ ಒಂದಿಷ್ಟು ಜಾಗ ಹಿಡಿಯುತ್ತದೆ, ಉಳಿದದ್ದು ಖಾಲಿ. ರೈಫಲಿನ ಮೂತಿ ಎತ್ತಿದರೆ ಮದ್ದು ಕೇಪಿನ ಬಳಿ, ತಗ್ಗಿಸಿದರೆ ಗುಂಡಿನ ಬಳಿ. ಅಷ್ಟಕ್ಕೇ ವೇಗ ಬದಲಾಗುತ್ತದೆ. ತಪ್ಪಿ ಎರಡು ಸಲ ಮದ್ದು ಬಿದ್ದರೂ ಚಿಪ್ಪು ತುಂಬಿ ಹೊರಚೆಲ್ಲದು, ಹಾಗಾಗಿ ತಪ್ಪು ಕಣ್ಣಿಗೆ ಬೀಳದೆ ಹೋಗಬಹುದು. ಆದ್ದರಿಂದ ತೂಕಕ್ಕೆ ಹಗುರ, ಗಾತ್ರಕ್ಕೆ ಉಬ್ಬು ಎನಿಸುವ ಮದ್ದನ್ನು ನಾನು ಆರಿಸುತ್ತೇನೆ. ಟ್ರೇಲ್ ಬಾಸ್ ಎಂಬುದು ಇದಕ್ಕಾಗಿಯೇ ಬಂದದ್ದು, ಕಣಗಳು ಪುಟಾಣಿ ಕೋಡುಬಳೆಯಂತೆ ನಡುವೆ ತೂತು. ಆದರೆ ಇಲ್ಲಿ ಅಜ್ಜನ ಪಾಠ ತಲೆಕೆಳಗಾಗುತ್ತದೆ. ಕರಿಮದ್ದನ್ನು ಒತ್ತಿ ಕೂರಿಸಬೇಕು, ಈ ಮದ್ದನ್ನು ಒತ್ತಲೇಬಾರದು. ಒತ್ತಿದರೆ ಒತ್ತಡ ಮಿತಿ ಮೀರುತ್ತದೆ.

ಕಡಿಮೆ ಹಾಕಿದರೆ ಅಪಾಯವಿಲ್ಲ ಎಂಬ ನಂಬಿಕೆ ಎರಡೂ ದೇಶಗಳಲ್ಲಿದೆ. ಅದು ತಪ್ಪು. ನಿಧಾನವಾಗಿ ಉರಿಯುವ ಮದ್ದನ್ನು ಹೇಳಿದ್ದಕ್ಕಿಂತ ತೀರಾ ಕಡಿಮೆ ಹಾಕಿದಾಗಲೂ ರೈಫಲುಗಳು ಒಡೆದಿವೆ. ನಾನೂ ಮೊದಲ ವರ್ಷ ಮೆಲ್ಲಗೆ ಶುರುಮಾಡೋಣವೆಂದು ಕವಚದ ಗುಂಡಿನ ಹಿಂದೆ, ಮದ್ದಿನ ಅಳತೆ ಹೇಳುವ ಪುಸ್ತಕದ ಕನಿಷ್ಠಕ್ಕಿಂತ ಕಡಿಮೆ ಹಾಕಿದ್ದೆ. ಗುರಿ ಅಭ್ಯಾಸದ ಜಾಗದಲ್ಲಿ ಹಾರಿಸಿದೆ. ಕೇಪಿಗೆ ಬಡಿಯುವ ಕುದುರೆ ಬಿತ್ತು, ಟಪ್ ಎಂಬ ಸಣ್ಣ ಸದ್ದು, ಭುಜಕ್ಕೆ ಏನೂ ತಾಗಲಿಲ್ಲ. ಪಕ್ಕದ ಮೇಜಿನ ಹಿರಿಯರೊಬ್ಬರು ನಿಲ್ಲಿಸು ಎಂದು ಕೂಗಿದರು. ನೋಡಿದರೆ ಗುಂಡು ನಳಿಗೆಯ ನಡುವೆಯೇ ಕೂತಿತ್ತು. ಅದರ ಹಿಂದೆ ಇನ್ನೊಂದು ಹಾರಿಸಿದ್ದರೆ ಇದನ್ನು ಬರೆಯುವ ಕೈ ಉಳಿಯುತ್ತಿರಲಿಲ್ಲ. ಅಂದಿನಿಂದ ಪುಸ್ತಕದ ಕನಿಷ್ಠ, ಗರಿಷ್ಠ ಎರಡನ್ನೂ ದಾಟಿಲ್ಲ. ಅದರಲ್ಲೂ .45-70ಗೆ ಪುಸ್ತಕಗಳು ಹಳೆಯ ಟ್ರಾಪ್‌ಡೋರ್ (ಈ ತೋಟೆಯ ಮೊದಲ ಸೇನಾ ರೈಫಲು), ಲಿವರ್, ಗಟ್ಟಿಮುಟ್ಟಾದ ಹೊಸ ರೈಫಲು ಎಂದು ಬೇರೆಬೇರೆ ಪಟ್ಟಿ ಕೊಡುತ್ತವೆ. ಪಟ್ಟಿ ಅದಲುಬದಲಾದರೆ ಹಳೆಯ ರೈಫಲು ಉಳಿಯುವುದಿಲ್ಲ.

ನಮ್ಮೂರ ನೆನಪು ಹೆಚ್ಚು ಕಾಡುವುದು ಇಲ್ಲೇ. 1959ರ ಶಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆ ಕೇಪಿನ ಕೋವಿಯ ಪರವಾನಗಿಯನ್ನು ಒಪ್ಪುತ್ತದೆ, ತೋಟೆ ತಯಾರಿಸಲು ಬೇರೆಯೇ ಪರವಾನಗಿ ಬೇಕು. ಆ ಬಿಗಿ ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಕೋವಿ ಕೊಟ್ಟವರು ಮದ್ದಿನ ತಿಳಿವಳಿಕೆ ಕೊಡಲಿಲ್ಲ. ಪಕ್ಕದ ಊರಿನವರೊಬ್ಬರು ಕರಿಮದ್ದು ಸಿಗದೆ ತೋಟೆಯೊಂದನ್ನು ಕತ್ತರಿಸಿ ಅದರ ಮದ್ದನ್ನೇ ಅಳತೆ ತುಂಬ ಕೇಪಿನ ಕೋವಿಗೆ ಹಾಕಿದರು. ನಳಿಗೆ ಸೀಳಿತು, ಹೆಬ್ಬೆರಳು ಹೋಯಿತು. ಅಳತೆ ಅದೇ, ಮದ್ದು ಬೇರೆ. ವ್ಯತ್ಯಾಸ ಅವರಿಗೆ ಹೇಳಿದವರಿರಲಿಲ್ಲ.

ಕಳೆದ ಸಲ ಊರಿಗೆ ಹೋದಾಗ ಅಜ್ಜನ ಹಿತ್ತಾಳೆಯ ಅಳತೆಯನ್ನು ಹತ್ತು ಸಲ ತುಂಬಿಸಿ ತೂಗಿದೆ. ಪ್ರತಿ ಸಲವೂ ಒಂದೆರಡು ಗುಲಗಂಜಿ ಹೆಚ್ಚುಕಡಿಮೆ. ಕರಿಮದ್ದು ಅಷ್ಟನ್ನು ತಾಳಿಕೊಳ್ಳುತ್ತದೆ, ಹೊಗೆಯಿಲ್ಲದ ಮದ್ದು ತಾಳುವುದಿಲ್ಲ. ಅದನ್ನು ಹಾಳೆಯಲ್ಲಿ ಬರೆದು ಚಿಕ್ಕಪ್ಪನ ಕೋವಿ ಬೀರುವಿನ ಒಳಬಾಗಿಲಿಗೆ ಅಂಟಿಸಿ ಬಂದೆ. ಇಂಥದ್ದು ಎಂಟು ಪುಟದ ಕನ್ನಡ ಕೈಪಿಡಿಯಾಗಿ ಪರವಾನಗಿ ನವೀಕರಣಕ್ಕೆ ಬರುವ ಪ್ರತಿ ರೈತನ ಕೈಗೆ ಸಿಗಬೇಕು. ತೋಟೆಯ ಮದ್ದನ್ನು ಕೇಪಿನ ಕೋವಿಗೆ ಹಾಕಬೇಡಿ ಎಂಬ ಸಾಲು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿರಲಿ. ಬರೆದುಕೊಡಲು ನಾನು ಸಿದ್ಧನಿದ್ದೇನೆ.